ಬೇಲಿ ಸಾಲಿನ ಪತ್ರಿಗಿಡ

ಅಲ್ಲಾ, ನಮ್ಮ ಗಿಡಕ್ಕೇನು ಕಾಲ ಅದಾವೇನ್ರಿ? ಬೇಲಿ ಜಿಗದು ಆತನ ತೋಟಕ್ಕ ಹೋಗಿ ರೋಗ ಹಚ್ಚಿ ಬರಾಕ? ಹಂಗ ಬಾಗಿಲದಾಗ ನಿಂತು ಪಿಳಿಪಿಳಿ ನೋಡಬ್ಯಾಡ್ರಿ, ಒಳಗ ಬರ್ರಿ. ಏನು, ಸಣ್ಣಗ ಮಾತಾಡಲಿ? ಯಾಕ ಸಣ್ಣಗ ಮಾತಾಡಲಿ? ಕೇಳಿದ್ರ ಕೇಳಲಿ ಆ ಮುದುಕ! ಕನ್ನಡ ಎಲ್ಲಿ ತಿಳೀತೈತಿ ಆತಗ!

ಹೌದು, ಲೋರೆಂಝ್! ಇನ್ನ್ಯಾರು? ಈ ಬಾಜೂ ತೋಟದ ಲೋರೆಂಝ್! ಇವತ್ತ ಮುಂಜಾನೆ ನೀವು ಎಷ್‌ಬಾರ್ನ್ ಆಫೀಸಿಗೆ ಎಸ್-ಬಾನ್ ರೈಲು ಹತ್ತಿದ್ದಽ ತಡ, ಒಬ್ಬಾಕಿನ್ನ ಕರಕೊಂಡು ಬಂದ ನೋಡ್ರಿ. ಸರಕಾರದಾಕಿ. ಗಿಡಗಳ ರೋಗ ನೋಡೂ ಕಚೇರಿ, ಆಮ್ಟ್ ಅಂತಾರ, ಐತಂತಲ್ಲ, ಅಲ್ಲಿಯಾಕಿ. ಈ ದೇಶದಾಗ ಎಲ್ಲಾದಕ್ಕೂ ಒಂದ ಆಮ್ಟು! ಆತನ ಸೇಬಿನ ಗಿಡಕ್ಕ ಬೆಂಕಿ ರೋಗ ಬಂದೈತಂತ. ಫೊಯರ್‌ಬ್ರಾಂಡ್ ಅಂತಾರ. ಚಿಗುರು ಸುಟ್ಟಂಗ ಕರ್ರಗಾಗಿ ಕೊಕ್ಕೀ ಹಂಗ ಬಗ್ಗಿ ಜೋತು ಬೀಳತಾವು. ಅದಕ್ಕ ಔಷಧಾನೂ ಇಲ್ಲ, ಏನೂ ಇಲ್ಲ. ಕಡೀಬೇಕು, ಸುಡಬೇಕು. ಅಷ್ಟಽ.

ಬಂದೈತಿ, ಪಾಪ, ಬಂದೈತಿ. ಬ್ಯಾಡ ಅಂದೆನೇನು ನಾನು? ಆದ್ರ ಹೊಟ್ಟಿ ಉರದು ಹೇಳತೀನಿ, ಎಲ್ಲಾರ ಮುಂದ ಕೈ ಮಾಡಿ ತೋರಿಸಿದ ರೀ! ಆಕಿ ಮುಂದ, ಎದುರು ಮನಿ ಮುದುಕಿ ಮುಂದ, ಪೋಸ್ಟಿನಾಂವ ಮುಂದ! 'ಇವರ ಬೇಲಿಯಾಗಿನ ಮುಳ್ಳಿನ ಗಿಡದಿಂದ ಬಂದೈತಿ' ಅಂದ. ಆ ಗಿಡಾನೂ ಸೇಬೂ ಒಂದಽ ಮನಿತನದವಂತ, ಇದಕ್ಕ ಬಂದ ರೋಗ ಅದಕ್ಕ ಹತ್ತತೈತಂತ. ಅಲ್ಲಾ, ಈ ಊರಾಗ ಮುಳ್ಳಿನ ಗಿಡ ನಮ್ಮ ಬೇಲ್ಯಾಗ ಒಂದಽ ಐತೇನು? ಸ್ಟೇಷನ್ ದಾರಿ ತುಂಬ ಅದಾವು. ಅವೆಲ್ಲಾ ಕಣ್ಣಿಗೆ ಬೀಳಲಿಲ್ಲ, ಬಾಡಿಗಿ ಮನ್ಯಾಗಿನ ನಮ್ಮ ಗಿಡ ಒಂದಽ ಬಿತ್ತು!

ಇಷ್ಟ ಕಾವಲು ಕಾಯಾಂವಗ ಹೆಂಗ ಬಂತು ಅಂತ ಕೇಳ್ರಿ. ದಿನಾ ಮುಂಜಾನೆ ಕೊಳ್ಳಾಗ ಭೂತಗನ್ನಡಿ ಹಾಕ್ಕೊಂಡು ಸಾಲ ಸಾಲ ತಿರಗತಾನಲ್ಲ. ಟೊಂಗೀಗೆ ಅಂಟಿನ ಡಬ್ಬಿ ಕಟ್ಟಿ, ಒಳಗ ಪತಂಗ ಎಷ್ಟ ಸಿಕ್ಕೊಂಡ್ವು ಅಂತ ಎಣಸತಾನ. ಎಲಿ ಹೊಳ್ಳಿಸಿ ಹೇನು ಹತ್ಯಾವೇನು ನೋಡತಾನ. ಮಳಿ ಬಂದ್ರ ಹೊರಗ ಬಂದು ಎಲಿ ಎಷ್ಟೊತ್ತು ಹಸಿ ಇರತೈತಿ ಅಂತ ಗಡಿಯಾರ ನೋಡಕೋತ ನಿಂದರತಾನ, ಕಜ್ಜಿ ರೋಗ ಬರತೈತಂತ! ಹೆಂಡತೀನ್ನ ಇದರಾಗ ಅರ್ಧಾ ನೋಡಿಕೊಂಡಿದ್ರ ಆಕಿ ಬಿಟ್ಟು ಹೋಗತಿರಲಿಲ್ಲ.

ಯಾಕ ನಗತೀರಿ? ನಗೂ ಮಾತಲ್ಲ ಇದು. ನನ್ನ ಮೈ ಉರಿಯಾಕ ಹತ್ತೈತಿ, ನಿಮಗ ನಗಿ ಬರತೈತಿ!

ಹಾಂ, ನೋಡಿದ್ಲು. ಆಕಿ ಬಂದು ಗಿಡಾ ನೋಡಿದ್ಲು. ಸುತ್ತ ತಿರಗಿದ್ಲು, ಟೊಂಗಿ ಬಗ್ಗಿಸಿದ್ಲು, ಎಲಿ ಎತ್ತೆತ್ತಿ ನೋಡಿದ್ಲು. ಸಿಕ್ಕಿತೇನು? ಒಂದಽ ಒಂದು ಕರೀ ಚಿಗುರು ಸಿಗಲಿಲ್ಲ! ಲೋರೆಂಝ್‌ನ ಮಾರಿ ನೋಡಬೇಕಿತ್ತು ನೀವು, ಹುಳಿ ಮಜ್ಜಿಗಿ ಕುಡದಂಗ. ಆದ್ರೂ ಸುಮ್ಮನಾದನೇನು? ಬೇಲಿಗೆ ಬಂದು ನಿಂತ. 'ಫ್ರಾವ್ ಕುಮಾರ್, ನಿಮ್ಮ ಗಿಡಕ್ಕ ಮೊದಲ ಏನಾರೆ ಆಗಿತ್ತೇನು? ಖರೇ ಹೇಳ್ರಿ.' ಖರೇ ಹೇಳ್ರಿ! ನಾನೇನು ಕೋರ್ಟಿನಾಗ ನಿಂತೀನೇನು? ನೈನ್, ಇಲ್ಲ ಅಂದೆ. ನೈನ್, ನೈನ್, ನೈನ್! ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲ ಮುಟ್ಟಿ ನೋಡಿಕೊಳ್ಳಲಿ?

ಕೂಡ್ರಿ. ಚಹಾ ಆಮ್ಯಾಲ ಕೊಡತೀನಿ, ಮೊದಲ ಇದನ್ನ ಕೇಳ್ರಿ. ಆ ಆಮ್ಟಿನಾಕಿ ಏನಂದ್ಲು ಗೊತ್ತೇನು? ನನಗಲ್ಲ, ಆತಗ ಹೇಳತಿದ್ಲು, ನನಗ ತಿಳೂದಿಲ್ಲ ಅಂದ್ಕೊಂಡು. ನಾ ಆ ಜರ್ಮನ್ ಕೋರ್ಸಿಗೆ ಹೋಗೂದು ಇದಕ್ಕರೆ ಬಂತು. ರೋಗ ಹೆಂಗ ಬಂತು ಅನ್ನೂದು ಗೊತ್ತಾದ್ರ ಅಷ್ಟಽ ಸಾಲ ಕಡದು ಉಳಿದದ್ದನ್ನ ಉಳಸಬಹುದಂತ. ಗೊತ್ತಾಗಲಿಲ್ಲಂದ್ರ... ಗಾಳಿ, ದುಂಬಿ, ಮಳಿ, ಎದರಲೇ ಬಂದೈತೋ, ಎಲ್ಲೆಲ್ಲಿ ಹೋಗೈತೋ, ಪೂರಾ ತೋಟಾನಽ ತಗೀಬೇಕಾಗತೈತಂತ. ನಾಳೆ ಮತ್ತ ಬರತಾಳ. ನಮ್ಮ ಗಿಡಾನೂ ಕಡಿಯೂದಾದ್ರ ಕಡಿಯೋಣ ಅಂದ ಆತ, ಯಾವುದಕ್ಕೂ ಇರಲಿ ಅಂತ. ಯಾವುದಕ್ಕೂ ಇರಲಿ! ಆತನ ಅಪ್ಪನ ಗಿಡ ಅಂದ್ಕೊಂಡಾನೇನು?

ಏನು? ಮಾಲಕರ ಗಿಡ? ಹೌದು, ಮಾಲಕರ ಗಿಡ! ಮನೀನೂ ಮಾಲಕರದು, ಗ್ವಾಡೀನೂ ಮಾಲಕರದು. ಆ ಗಿಡ ಮಾತ್ರ ನಂದು!

ನೆನಪೈತೋ ಇಲ್ಲೋ ನಿಮಗ? ಇಲ್ಲಿಗೆ ಬಂದಾಗ ಪತ್ರಿ ಇಲ್ಲದ ಲಿಂಗಪೂಜಾ ಹೆಂಗ ಮಾಡಲಿ ಅಂತ ಅತ್ತಿದ್ದೆ. ಫ್ರಾಂಕ್‌ಫರ್ಟ್‌ನ ತಮಿಳರ ಅಂಗಡ್ಯಾಗ ಕರಿಬೇವು ಸಿಗತೈತಿ, ವೀಳ್ಯದೆಲಿ ಸಿಗತೈತಿ, ಬಿಲ್ವಪತ್ರಿ ಅಂದ್ರ ಆತ ನಗತಾನ. ಆಮ್ಯಾಲ ಒಂದಿನ ಬೇಲ್ಯಾಗ ಈ ಗಿಡ ಕಂಡೆ. ಮೂರು ಹೋಳಿನ ಎಲಿ, ಮ್ಯಾಲ ಮುಳ್ಳು! ಪತ್ರಿಗಿಡದ ತಂಗಿ ಹಂಗ! ಊರಿಗೆ ಫೋನ್ ಹಚ್ಚಿ ಕೇಳಿದ್ರ ಅತ್ತೆವ್ರು ಏನಂದ್ರು? 'ಇದ್ದ ಊರಾಗ ಇದ್ದದ್ದನ್ನ ಏರಿಸವ್ವ, ಶಿವ ಒಲ್ಲೆ ಅನ್ನೂದಿಲ್ಲ' ಅಂದ್ರು. ಅವತ್ತಿನಿಂದ ಒಂದ ದಿನಾನೂ ತಪ್ಪಿಸಿಲ್ಲ. ಹಿಮಾ ಬಿದ್ದು ಎಲಿ ಉದುರಿದಾಗ ಒಣಗಿಸಿ ಇಟ್ಟದ್ದನ್ನ ಏರಿಸೀನಿ.

ನಿಮ್ಮ ಸಲುವಾಗಿ ರೀ! ಮತ್ತ ಯಾರ ಸಲುವಾಗಿ? ನಿಮ್ಮ ಆಫೀಸಿನ್ಯಾಗ ಮಂದೀನ ತಗ್ಯಾಕ ಹತ್ತಿದಾಗ ಬೇಡಿಕೊಂಡೆ. ಇವರ ನೌಕರಿ ಇರೂತನಕ ಈ ಗಿಡದ ಪತ್ರಿ ದಿನಾ ಏರಸತೀನಿ ಅಂತ. ನಿಮ್ಮ ಜೋಡಿ ಕೆಲಸ ಮಾಡತಿದ್ದ ಉಳವಪ್ಪಗ ಏನಾತು? ನೌಕರಿ ಹೋತು, ನೌಕರಿ ಹಿಂದ ಈ ದೇಶದಾಗ ಇರೂ ಗ್ರೀನ್ ಕಾರ್ಡ್ ಹೋತು, ಸೋಫಾ ಬೀದ್ಯಾಗ ಇಟ್ಟು ವಿಮಾನ ಹತ್ತಿದ್ರು. ಆತನ ಹೆಂಡತಿ ಹೋಳಗಿ ಹಂಚು, ಲಟ್ಟಣಿಗಿ ಎಲ್ಲಾ ನಮ್ಮ ಮನ್ಯಾಗ ಇಟ್ಟು ಹೋಗ್ಯಾಳ, 'ತಿರುಗಿ ಬರತೀವಿ' ಅಂತ. ಬಂದ್ರೇನು? ನೀವು ಉಳದ್ರಿ. ಯಾಕ ಉಳದ್ರಿ?

ಆ ಕಂಪ್ಯೂಟರ್ ಭಾಷಾ ಜಾವಾದಿಂದ? ಓಹೋ, ಉಳವಪ್ಪಗ ಜಾವಾ ಬರತಿರಲಿಲ್ಲೇನು? ಆತನಽ ನಿಮಗ ಕಲಿಸಿದ್ದು! ನೀವು ಹಿಂಗಽ. ದೇವರು ಕೊಟ್ಟದ್ದೆಲ್ಲಾ ಕಂಪ್ಯೂಟರ್ ಕೊಟ್ಟೈತಿ ಅಂತೀರಿ. ಮುಂದಿನ ವಾರ ಮತ್ತ ಒಂದಿಷ್ಟು ಮಂದೀನ ತಗೀತಾರಂತ ನೀವಽ ಹೇಳಿದ್ರಿ. ಈ ವಾರ ಗಿಡಾ ಕಡಸು ಅಂತೀರೇನು? ಹೇಳ್ರಿ! ನಾಳೆ ಆಕಿ ಗರಗಸ ತಗೊಂಡು ಬಂದ್ರ ನೀವು ರಜಾ ಹಾಕಿ ಬೇಲಿ ಮುಂದ ನಿಂದರಬೇಕು. ನಿಮ್ಮ ಜರ್ಮನ್ ಚಲೋ ಐತಿ, ನೀವಽ ಮಾತಾಡಬೇಕು. 'ಗಿಡಕ್ಕ ಏನೂ ಆಗಿಲ್ಲ, ನಮ್ಮ ಮ್ಯಾಲ ಸುಳ್ಳ ಹೊರಸಾಕ ಹತ್ಯಾನ' ಅನ್ನಬೇಕು. ಈಗಽ ಹೋಗಿ ನೋಡಿ ಬರ್ರಿ ಬೇಕಾದ್ರ. ಎಷ್ಟ ಚೆಂದ ಐತಿ! ಆ ಕರೀ ಟೊಂಗಿ ತಗದ ಮ್ಯಾಲ ಎಂಥಾ ಬಗೀ ಚಿಗತೈತಿ ಅಂದ್ರ...

...

ಏನು? ಏನಂದೆ ನಾನು? ಒಣಗಿದ ಟೊಂಗಿ ಅಂದೆ. ಒಣಗಿದ್ದು. ಎಲ್ಲಾ ಗಿಡದಾಗೂ ಒಂದೆರಡು ಒಣಗತಾವು. ಪೂಜಾದ ಗಿಡದಾಗ ಒಣಗಿದ್ದು ಇಟ್ಕೋಬಾರದು ಅಂತ ತಗದೆ, ಒಲ್ಯಾಗ ಹಾಕಿ... ಅಲ್ಲ, ಇಲ್ಲಿ ಒಲಿ ಎಲ್ಲಿ ಬರಬೇಕು. ಕಸದ ಡಬ್ಬ್ಯಾಗ ಹಾಕಿದೆ. ಅದರಾಗೇನೈತಿ?

ಹಂಗ್ಯಾಕ ನೋಡತೀರಿ? ಒದರ್ರಿ, ಬೈರಿ. ಎದರಲೇ ಕೊಯ್ದಿ ಅಂತ ಕೇಳ್ರಿ. ಕೇಳ್ರೀ! ಅಡಿಗಿಮನಿ ಚಾಕುಲೆ ಅಂತೀನಿ. ನಂಬತೀರೋ ಇಲ್ಲೋ ನೋಡೋಣ.

ಕೇಳವಲ್ರಿ. ಯಾಕ ಕೇಳವಲ್ರಿ...

ನೆನಪ ಮಾಡ್ಕೊಳಾಕ ಹತ್ತೀರಿ. ಆ ಕತ್ತರಿ. ಲೋರೆಂಝ್‌ನ ಟೊಂಗಿ ಕತ್ತರಸೂ ಕತ್ತರಿ. ಬೇಲಿ ಮ್ಯಾಲಿಂದ ಇಸಗೊಂಡು ಬಂದಾವ್ರು ನೀವು, ಹೊಳ್ಳಿ ಕೊಟ್ಟು ಬಂದಾವ್ರೂ ನೀವು. ಅರಿಷಿಣ ಯಾಕ ಹಚ್ಚೀಯೇ ಕತ್ತರಿಗೆ ಅಂತ ನಕ್ಕಿದ್ರಿ. ಮತ್ತೇನ ಮಾಡಲಿ? ದೇವರ ಗಿಡಕ್ಕ ಕಬ್ಬಿಣ ಹಚ್ಚಿದ್ದೆ, ತೊಳದು ಅರಿಷಿಣ ಹಚ್ಚಿ ಶುದ್ಧ ಮಾಡಿ ಕೊಟ್ಟೆ. ನಮ್ಮವ್ವ ಗಾಯಕ್ಕ ಅರಿಷಿಣ, ಕೆಮ್ಮಿಗೆ ಅರಿಷಿಣ, ದನದ ಹುಣ್ಣಿಗೆ ಅರಿಷಿಣ ಹಚ್ಚಿದಾಕಿ! ಅರಿಷಿಣಕ್ಕೂ ಸಾಯದ ರೋಗ ಇರತೈತಿ ಅಂತ ನನಗ ಯಾರರೆ ಹೇಳಿದ್ರೇನು? ಹೇಳ್ರಿ, ನಂದೇನ ತಪ್ಪು?

ಎಲ್ಲಿಗೆ ಎದ್ರಿ? ಕೋಟ್ ಯಾಕ? ರೀ! ನಿಲ್ರಿ. ಅಲ್ಲಿಗೆ ಹೋಗಬ್ಯಾಡ್ರಿ. ಏನಂತ ಹೇಳತೀರಿ? ನನ್ನ ಹೆಂಡತಿ ನಿಮ್ಮ ತೋಟಾ ಹಾಳ ಮಾಡ್ಯಾಳ ಅಂತ ಹೇಳತೀರೇನು? ಆಮ್ಟಿನಾಕಿ ಬರಕೊಳ್ಳೂದಿಲ್ಲೇನು? ಆಫೀಸಿಗೆ ಗೊತ್ತಾದ್ರ? ವೀಸಾಕ್ಕ ಏನರೆ ಆದ್ರ? ಮುದುಕಗ ಮತ್ತೊಂದು ತೋಟ ಆದೀತು, ನಮಗ ಮತ್ತೊಂದು ನೌಕರಿ ಆದೀತೇನು?

ಹೋಗ್ರಿ ಹಂಗಾರ! ಹೋಗ್ರಿ! ದೊಡ್ಡ ಧರ್ಮರಾಯರು! ಹೋಗಿ ಹೇಳ್ರಿ... ಹೇಳೂದಾದ್ರ ಇಷ್ಟರೆ ಹೇಳ್ರಿ, ಆಕಿಗೆ ಗೊತ್ತಿರಲಿಲ್ಲ ಅಂತ. ಕತ್ತರಿ ಕೊಡೂವಾಗ ಗೊತ್ತಿರಲಿಲ್ಲ ಅಂತ.

...ಯಾಕ ನಿಂತ್ರಿ? ಹೋಗ್ರಿ ಅಂದೆನಲ್ಲ. ಕೊಡೂವಾಗ ಗೊತ್ತಿರಲಿಲ್ಲ ಅಂದೆ. ಕೊಡೂವಾಗ. ಆ ಮಾತು ಹಿಡಕೊಂಡು ನಿಂದ್ರಬ್ಯಾಡ್ರಿ!

ನೀವು ಕತ್ತರಿ ಹೊಳ್ಳಿ ಕೊಟ್ಟು ಬಂದ ಮರುದಿನ ಬೇಕರಿ ಬಾಗಿಲಕ್ಕ ಚಿತ್ರಾ ಅಂಟಿಸಿದ್ರು. ಕರೀ ಚಿಗುರು, ಕೊಕ್ಕೀ ಹಂಗ ಬಗ್ಗಿದ್ದು. ನಮ್ಮ ಗಿಡದ್ದಽ ಫೋಟೋ ತಗದಂಗ. ಬಾಜೂಕ ಒಂದು ಕತ್ತರಿ ಬರದು ಅದರ ಮ್ಯಾಲ ಕೆಂಪು ಗೀಟು ಹೊಡದಿದ್ರು. ಕತ್ತರಿಲೇ ರೋಗ ಹತ್ತತೈತಿ ಅಂತ ಓದು ಬಾರದಾಕಿಗೂ ತಿಳೀತೈತಿ. ಬ್ರೆಡ್ ಅಲ್ಲೇ ಬಿಟ್ಟು ಓಡಿ ಬಂದೆ. ಆತ ಅವತ್ತಽ ಸೇಬಿನ ಟೊಂಗಿ ಕತ್ತರಸೂದು ಸುರು ಮಾಡಿದ್ದ. ಮೊದಲನೇ ಸಾಲಿನ್ಯಾಗ ಏಣಿ ಮ್ಯಾಲ ನಿಂತಿದ್ದ, ಕೈಯಾಗ ಆ ಹಳದಿ ಕತ್ತರಿ. ಹಿಂದಿನ ಸಾಲ ಎಲ್ಲಾ ಇನ್ನೂ ಹಂಗಽ ಇದ್ವು. ಒದರಬೇಕು ಅಂತ ಬೇಲಿತನಕ ಹೋದೆ, ಖರೇ, ದೇವರಾಣಿ ಹೋದೆ. ಹೇಳಿದ್ರ ನನ್ನ ಗಿಡಾ ಕಡಸತಾನ ಅಂತ ಅಂಜಿಕಿ ಬಂತು.

ಆತ ನನ್ನ ನೋಡಿ ಕೈ ಬೀಸಿದ. ನಾನೂ ಬೀಸಿದೆ. ಬೀಸಿ, ಒಳಗ ಬಂದೆ.