ಬ್ಲೇಡಿನ ತಡ

ಸೋಪಿನ ಕಾರ್ಖಾನೆಯ ಕ್ಯಾಂಟೀನಿನ ಸಾಲಿನಲ್ಲಿ ತಪಾಸಕಿ ನಿಂತಿದ್ದಳು. ಸೋಪು ಕತ್ತರಿಸುವ ಯಂತ್ರದ ಆಪರೇಟರ್ ಅಳತೆ ತಪ್ಪಿಸುತ್ತಾನೆಂದು ಅವಳು ಕೊಟ್ಟ ವರದಿಯಿಂದ ಅವನ ಕೆಲಸ ಸಂಜೆಗೆ ಹೋಗಲಿತ್ತು. ಮುಂದಿದ್ದ ಇಬ್ಬರು ಕಂಪ್ಯೂಟರ್ ರಿಪೇರಿಯವರ ಮಾತು ಕಿವಿಗೆ ಬಿತ್ತು.

“ಸೆಕೆಂಡಿಗೊಂದು ಸಲ ಬ್ಲೇಡು ಬೀಳ್ಬೇಕು. ಗಂಟೆಗೆ ಇಷ್ಟು ಸೋಪು ಅನ್ನೋ ಲೆಕ್ಕ ಸರಿಯಾಗೇ ಇದೆಯಲ್ಲಣ್ಣ?”

“ನಮ್ಮ ಭಾವನೂ ಸರಾಸರಿ ನೋಡಿದ್ರೆ ಟೈಮಿಗೇ ಬರ್ತಾರೆ ಕಣೋ. ಒಂದಿನ ತಡ, ಒಂದಿನ ಬೇಗ!”

“ಹಾಗಾದ್ರೆ ಟೈಮರ್ ಕೆಟ್ಟಿದೆಯಾ?”

“ಇಲ್ವೋ. ಬ್ಲೇಡು ಬೀಳಿಸೋ ಕಂಪ್ಯೂಟರನ್ನ ಟೈಮರ್ ಸರಿಯಾಗೇ ಎಬ್ಬಿಸುತ್ತೆ. ಅದು ಬೇರೆ ಕೆಲಸದಲ್ಲಿದ್ರೆ ‘ತಾಳು, ಬಂದೆ’ ಅನ್ನುತ್ತೆ. ಅಷ್ಟರಲ್ಲಿ ಸೋಪಿನ ಪಟ್ಟಿ ಮುಂದೆ ಓಡಿರುತ್ತೆ; ಒಂದು ಸೋಪು ದಪ್ಪ, ಮುಂದಿನದು ತೆಳು.”

“ಅಂಥಾ ಏನು ಕೆಲಸ?”

“ಯಾರೋ ಅದೇ ಕಂಪ್ಯೂಟರಲ್ಲಿ ಅರ್ಧ ಗಂಟೆಗೊಮ್ಮೆ ವರದಿ ಪ್ರಿಂಟ್ ಮಾಡ್ತಾರಂತೆ. ಪಾಪ, ಆಪರೇಟರ್ ಮೇಲೆ ಗೂಬೆ!”

ಪ್ರಿಂಟ್ ತೆಗೆಯುತ್ತಿದ್ದವಳು ತಪಾಸಕಿಯೇ. ಆಪರೇಟರನ ತಪ್ಪು ಹಿಡಿಯಲೆಂದೇ ತೆಗೆದಿದ್ದಳು. ಟೈಮರೂ ಸರಿ, ಲೆಕ್ಕವೂ ಸರಿ, ಸೋಪು ಮಾತ್ರ ತಪ್ಪು ಎಂದರೆ ಹೇಗೆ? ತಲೆಬುಡ ತಿಳಿಯಲಿಲ್ಲ.

“ಪ್ರಿಂಟ್ ಮಾಡೋರಿಗೆ ಹೇಳಬೇಕಲ್ವಾ?”

“ಯಾರಂತ ಗೊತ್ತಿದ್ರೆ ತಾನೇ? ನಡಿ, ಬೇಗ ಊಟ ಮುಗಿಸೋಣ, ಇನ್ನೊಂದು ಕಾರ್ಖಾನೆ ಕಾಯ್ತಿದೆ.”

ಇಬ್ಬರೂ ತಟ್ಟೆ ಹಿಡಿದು ದೂರದ ಮೇಜಿನತ್ತ ಹೊರಟುಹೋದರು. ಸಂಜೆಗೆ ಇನ್ನೂ ನಾಲ್ಕು ಗಂಟೆಯಿತ್ತು. ಪೂರ್ತಿ ಅರ್ಥವಾಗದ ಮಾತನ್ನು ಆಡಬಾರದು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡು, ಅವಳು ಯಾರಿಗೂ ತಿಳಿಸದಿರಲು ನಿರ್ಧರಿಸಿದಳು.