ಗೆರೆಯ ಈಚೆಗಿನ ಕಲ್ಲು

ವಾಪಸು ಹೋಗುವ ದೋಣಿ ಹೊರಡುವ ಮುಂಚೆಯೇ ಮಳೆ ಬಂತು. ದ್ವೀಪ ನೋಡಲು ಬಂದಿದ್ದ ಹತ್ತು ಹನ್ನೆರಡು ಮಂದಿ ಕಡಲಂಚಿನ ಕಲ್ಲುಗಳ ಮೇಲಿದ್ದ ಹಳೆಯ ಟಿಕೆಟ್ ಶೆಡ್ಡಿಗೆ ನುಗ್ಗಿದರು. ಒಳಗೆ ಬೆಂಚಿನ ಮೇಲೆ ಗೆರೆ ಅಜ್ಜಿ ಕೂತಿದ್ದಳು. ಮರಳು ಮುಗಿದಲ್ಲಿ ಶುರುವಾಗುವ ಕರಿಕಲ್ಲಿನ ಕಂಬಗಳ ಮೇಲೆ, ಇದನ್ನು ದಾಟಬೇಡಿ ಎಂದು ಹಳದಿ ಗೆರೆ ಬಳಿಯುವುದು ಅವಳ ಐವತ್ತು ವರ್ಷದ ಕೆಲಸ. ಹೊಸ ಮದುಮಗಳೊಬ್ಬಳು ಗಂಡನ ಫೋನು ಇಣುಕಿ, "ಎಲ್ಲಾ ಫೋಟೋದಲ್ಲೂ ನನ್ನ ತಂಗೀನೇ ಇದ್ದಾಳಲ್ರೀ," ಎಂದಳು. ತಂಗಿ ಪಕ್ಕದಲ್ಲೇ ಕೂದಲು ಹಿಂಡಿಕೊಳ್ಳುತ್ತಿದ್ದಳು. ಅಜ್ಜಿಗೆ ಮಾತು ತೆಗೆಯಲು ಅಷ್ಟು ಸಾಕಾಯಿತು.

"ಬಾ ಮಗಳೇ, ಹತ್ರ ಕೂತ್ಕೋ... ಈ ಕಲ್ಲುಗಳು ಹೇಗಾದ್ವು ಗೊತ್ತಾ? ಭೂಮಿ ಹೊಟ್ಟೇಲಿ ಕುದೀತಿದ್ದ ಬೆಂಕಿ ಮೇಲೆ ಬಂದು, ಆರೋವಾಗ ಬಿರುಕು ಬಿಟ್ಟು, ಹೀಗೆ ಕಂಬ ಕಂಬವಾಗಿ ನಿಂತುಬಿಡ್ತು. ಹೊಟ್ಟೆಕಿಚ್ಚೂ ಅಷ್ಟೇ ಕಣಮ್ಮ, ಆರಿತು ಅನ್ಕೋತೀವಿ, ಕಲ್ಲಾಗಿ ಕೂತಿರತ್ತೆ. ಇವುಗಳ ಬುಡಾನ ಸಮುದ್ರ ಕೊರೀತಾನೇ ಇರತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಅದಕ್ಕೇ ವರ್ಷಕ್ಕೊಂದ್ಸಲ ಕಬ್ಬಿಣದ ಸಲಾಕೆ ಹಿಡಿದು ಒಂದೊಂದೇ ಕಲ್ಲು ತಟ್ತೀನಿ. ಟಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಬುಡ ಟೊಳ್ಳು. ಡಬ್ ಅಂದ ಕಲ್ಲಿನ ಈಚೆಗೆ ನನ್ನ ಗೆರೆ.

"ನಮ್ಮ ಯಜಮಾನ್ರು ಇಲ್ಲೇ ಫೋಟೋ ತೆಗೀತಿದ್ರು. ನನಗೂ ಒಬ್ಳು ತಂಗಿ, ಹತ್ತೊಂಬತ್ತು ವರ್ಷ, ಮುಟ್ಟಿದ್ರೆ ಮಾಸೋ ಅಂಥ ಬಣ್ಣ. ಅಂಗಡಿ ಮುಂದೆ ತೂಗುಹಾಕಿದ್ದೆಲ್ಲ ಅವಳದೇ! ಕಟ್ಕೊಂಡೋಳು ನಾನು, ಕಣ್ಣೆಲ್ಲ ಅವಳ ಮೇಲೆ... ನಂದೊಂದು ಫೋಟೋನೂ ಇರಲಿಲ್ವಾ? ಇತ್ತು, ಗುರುತಿನ ಚೀಟೀಲಿ. ಹೊಟ್ಟೆ ಉರಿದುಹೋಗೋದು. ಅವಳು ಪಾಪ, ಏನೂ ಅರಿಯದ ಹುಡುಗಿ. ಇವತ್ತು ಪಾಪ ಅಂತೀನಿ, ಅವತ್ತು ಅನ್ನಲಿಲ್ಲ. ಆ ವರ್ಷ ಒಂದು ಕಲ್ಲು ಡಬ್ ಅಂತು. ಇನ್ನೊಂದ್ಸಲ ತಟ್ಟಿದೆ... ಡಬ್. ಗೆರೇನ ಅದರ ಆಚೆಗೆ ಎಳೆದೆ.

"ಅವಳು ಗೆರೆ ದಾಟೋಳೇ ಅಲ್ಲ. ಅಕ್ಕ ಎಳೆದ ಗೆರೆ ಅಂತ ಅಷ್ಟು ನಂಬಿಕೆ. ಈಚೆಗೇ ನಿಂತು ನಕ್ಕಳು, ಕಲ್ಲು ಸಮೇತ ಹೋದಳು. ಫೋಟೋ ಸಿಕ್ತು, ಅವಳು ಸಿಗಲಿಲ್ಲ."

ಮದುಮಗಳು ತಂಗಿಯ ಕೈ ಯಾವಾಗ ಹಿಡಿದುಕೊಂಡಳೋ ಅವಳಿಗೇ ತಿಳಿಯಲಿಲ್ಲ.

"ಮಾರನೇ ವರ್ಷ ನಾನು ಮೇಲಿಂದ ತಟ್ಟಿದ್ರೆ... ಕೆಳಗಿಂದ ಯಾರೋ ತಟ್ಟಿದ್ರು. ಅವಳೇ, ಇನ್ಯಾರು? ಎಲ್ಲಿ ತಟ್ಟಿದಳೋ ಆ ಕಲ್ಲು ಅದೇ ಮಳೇಲಿ ಬಿತ್ತು. ಅಲ್ಲಿಂದ ವರ್ಷಕ್ಕೊಂದು ಕಲ್ಲು ಅವಳು ಮುಂದೆ ಬರ್ತಾಳೆ, ಒಂದು ಕಲ್ಲು ನಾನು ಹಿಂದೆ ಹೋಗ್ತೀನಿ. ನನ್ನ ಹಲ್ಲು ಹೋಯ್ತು, ಯಜಮಾನ್ರೂ ಹೋದ್ರು. ಅವಳಿಗಿನ್ನೂ ಹತ್ತೊಂಬತ್ತು. ಆದ್ರೂ ನನ್ನ ಕಂಡ್ರೆ ಅವಳಿಗೀಗ ಹೊಟ್ಟೆಕಿಚ್ಚು... ಯಾಕೆ ಹೇಳು? ನಾನು ಉಸಿರಾಡ್ತೀನಲ್ಲ!"

"ಈ ವರ್ಷ ಗೆರೆ ಎಲ್ಲಿ ಎಳೆದಿದ್ದೀರಜ್ಜಿ?" ಮದುಮಗಳು ಕೇಳಿದಳು.

"ನೋಡ್ಲಿಲ್ವಾ? ಮಳೇಲಿ ಓಡಿ ಬರೋವಾಗ ದಾಟ್ಕೊಂಡೇ ಬಂದ್ರಲ್ಲ, ಈ ಶೆಡ್ಡಿನ ಹಿಂದೆ, ಮರಳಿನ ಕಡೆಗೆ... ಹಿಂದೆ ಹಿಂದೆ ಹೋಗಿ ನನಗೂ ಸಾಕಾಯ್ತಮ್ಮ, ಅದಕ್ಕೇ ಇಲ್ಲಿ ಕಾಯ್ತಾ ಕೂತಿದ್ದೆ. ನೀವ್ಯಾಕೆ ಬಂದ್ರಿ? ಏಳಿ, ನೀನು ತಂಗೀನ ಕರ್ಕೊಂಡು ಮೆಲ್ಲಗೆ ನಡಿ... ತಡಿ, ತಡಿ. ಯಾರದು ಕಾಲು ತಟ್ತಿರೋದು? ಎಲ್ಲರೂ ಒಂದ್ನಿಮಿಷ ಕಾಲು ಮೇಲೆತ್ಕೊಳ್ಳಿ ನೋಡೋಣ... ಈಗ ಹೇಳಿ, ಆ ತಟ್ಟೋ ಸದ್ದು ನಿಂತಿತಾ?"