ಗುಳ್ಳೆ ಬರೋವರೆಗೂ

...ನಿಂತೇ ಇದೀಯಲ್ಲ, ಕೂತ್ಕೋಬಾರ್ದಾ? ಮೊದಲ ಗುಳ್ಳೆ ಬಂದದ್ದು ನೋಡಿ ಹೊರಡ್ತೀನಿ ಅಂತ ಫೋನಲ್ಲಿ ನೀನೇ ಅಂದಿದ್ದು. ಬರುತ್ತೆ, ಬರುತ್ತೆ. ನಿಮ್ಮಣ್ಣ ಕೆಳಗೆ ಹಾರ್ನ್ ಹೊಡೀಲಿ ಬಿಡು. ತಂಗೀನ ಕರ್ಕೊಂಡು ಹೋಗೋಕೆ ಬಂದವ್ರಿಗೆ ಅಷ್ಟೂ ತಾಳ್ಮೆ ಇಲ್ದಿದ್ರೆ ಹೇಗೆ?

ಮೂಗು ಮುರೀತೀಯಲ್ಲ, ಯಾಕೆ? ಬಾಟಲಿಗೆ ಟವೆಲ್ ಸುತ್ತಿದೀನಿ ಅಂತಾನಾ? ಬೆಚ್ಚಗಿರ್ಲಿ ಅಂತ ಕಣೇ. ಯೀಸ್ಟ್ ಅಂದ್ರೆ ಜೀವ ಇರೋದು, ಚಳಿಯಾದ್ರೆ ಮುದುರ್ಕೊಳ್ಳುತ್ತೆ. ನೀನೇ ಹೇಳ್ಕೊಟ್ಟಿದ್ದು. ಎಲ್ಲ ನೀನು ಹೇಳಿದ ಹಾಗೇ ಮಾಡಿದೀನಿ... ಬಾಟಲಿಗೆ ಸಕ್ಕರೆ, ಉಗುರುಬೆಚ್ಚಗಿನ ನೀರು, ಮೇಲಿಂದ ಚಿಟಿಕೆ ಯೀಸ್ಟ್. ಮುಚ್ಚಳಕ್ಕೆ ತೂತು, ತೂತಿಗೆ ಪೈಪು, ಸುತ್ತ ಅಂಟು. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ, ಅದು ಪೈಪಲ್ಲಿ ಇಳಿದು ಮೀನಿನ ತೊಟ್ಟಿ ಸೇರುತ್ತೆ, ನಿನ್ನ ಗಿಡಗಳು ಕುಡಿದು ಚಿಗುರುತ್ವೆ. ನೋಡು, ಪಾಠ ಒಪ್ಪಿಸಿದೆ. ನೀರು ಕುದಿಯೋಷ್ಟು ಬಿಸಿ ಇದ್ರೆ ಯೀಸ್ಟ್ ಸತ್ತೇ ಹೋಗುತ್ತೆ, ಒಂದು ಗುಳ್ಳೆನೂ ಬರಲ್ಲ ಅಂತ ಅವತ್ತು ಕಿವಿ ಹಿಂಡಿದ್ಯಲ್ಲ, ಅದೂ ನೆನಪಿದೆ.

ಯಾವಾಗ ಕಲಸಿದ್ದು ಅಂದ್ಯಾ? ಆಗ್ಲೇ... ಊಟಕ್ಕೆ ಮುಂಚೇನೇ. ಇನ್ನೇನು ಬರ್ಬೇಕು. ಅಷ್ಟರಲ್ಲಿ ಟೀ ಇಡ್ಲಾ? ...ಹೌದು, ಪಾತ್ರೇಲಿ ಇನ್ನೂ ಹಬೆ ಆಡ್ತಿದೆ, ನೀರಿಲ್ಲ. ಚೆಲ್ಲಿ ಹೋಯ್ತು. ಮತ್ತೆ ಇಡ್ತೀನಿ, ಅದಕ್ಕೇನಂತೆ.

ಬೇಡ್ವಾ? ಸರಿ. ಆ ಬಕೆಟ್ಟಾದ್ರೂ ಕೆಳಗಿಡು, ಕೈ ನೋಯುತ್ತೆ. ಅರ್ಧ ಗಿಡ ಕಿತ್ಕೊಂಡಿದೀಯ, ತಗೋ. ನೀನು ಬೆಳೆಸಿದ್ದು, ನಾನ್ಯಾವೋನು ಬೇಡ ಅನ್ನೋಕೆ. ಉಳಿದ ಅರ್ಧಾನ ನಾನು ಕೊಳೆಸಿಬಿಡ್ತೀನಿ ಅಂತ ನಿಂಗೆ ಭಯ. ಅದಕ್ಕೇ ತಾನೇ ಗುಳ್ಳೆ ನೋಡೇ ಹೋಗ್ತೀನಿ ಅಂದಿದ್ದು? ಗಿಡದ ಮೇಲಿರೋ ಕಾಳಜಿ ನನ್ನ... ಬೇಡ, ಅನ್ನಲ್ಲ. ಜಗಳ ಬೇಡ.

ತಪ್ಪು ನಂದೇ. ಅತ್ತೇನ ಆಸ್ಪತ್ರೆಗೆ ಸೇರಿಸಿದೀವಿ ಅಂತ ನಿಮ್ಮಣ್ಣ ಫೋನ್ ಮಾಡಿದ್ರೂ ನಾನು ಬಾಯಿ ಬಿಡ್ಲಿಲ್ಲ. ಹೇಳಿದ್ರೆ ನೀನು ಹೊರಟುಬಿಡ್ತೀಯ, ಮನೆ ಬಿಕೋ ಅನ್ನುತ್ತೆ ಅಂತ. ಬೆಳಿಗ್ಗೆ ಹೇಳೋಣ, ಸಂಜೆ ಹೇಳೋಣ ಅಂತ ಮುಂದೂಡ್ತಾ... ಅವರು ನಿನ್ನನ್ನೇ ಕೇಳ್ತಾ ಕೇಳ್ತಾ ಕಣ್ಣು ಮುಚ್ಚಿದ್ರು. ಹಾಗೆ ನೋಡ್ಬೇಡ್ವೇ. ಬೈದುಬಿಡು, ಬೇಕಾದ್ರೆ ಹೊಡಿ. ಇನ್ನು ನಿನ್ನ ಹತ್ರ ಏನೂ ಮುಚ್ಚಿಡಲ್ಲ ಅಂತ ಬಾಗಿಲಲ್ಲೇ ಹೇಳಿದ್ನಲ್ಲ? ನಿಮ್ಮಮ್ಮನ ಮೇಲಾಣೆ... ಆಯ್ತು, ಆಯ್ತು, ಆಣೆ ಇಡಲ್ಲ.

ಏನು ನೋಡ್ತಿದೀಯ? ಪೈಪಾ? ಅದಕ್ಕೇನಾಗಿದೆ... ನೀರು ಏರ್ತಿದೆಯಾ? ತೊಟ್ಟಿಯಿಂದ ಬಾಟಲಿ ಕಡೆಗಾ? ಇಲ್ವಲ್ಲ. ಹಾಂ... ಸ್ವಲ್ಪ ಏರಿದೆ. ಒಂದೊಂದು ಸಲ ಹಾಗಾಗುತ್ತೆ. ಏನು? ಬಾಟಲಿ ಆರ್ತಾ ಬಂದ್ರೆ ನೀರು ಎಳ್ಕೊಳ್ಳುತ್ತಾ? ಆರೋಕೆ ಅದೇನು ಬಿಸಿ ಇತ್ತಾ...

ಟವೆಲ್ ಬಿಚ್ಬೇಡ. ಬೇಡ ಕಣೇ, ಯೀಸ್ಟಿಗೆ ಚಳಿ...

ಅದು ಹಳೇ ಬಾಟಲಿ. ಅದರ ಸೊಂಟ ಮೊದಲಿಂದ್ಲೂ ಹಾಗೇ ಸೊಟ್ಟ. ಬಿಸಿಲಲ್ಲಿ ಇಟ್ಟಿದ್ದೆ ಅನ್ಸುತ್ತೆ, ಪ್ಲಾಸ್ಟಿಕ್ ಅಲ್ವಾ, ಕುಗ್ಗಿದೆ. ಯೀಸ್ಟೂ ಹಳೇದಿರ್ಬೇಕು. ಇನ್ನೊಂದು ಸಲ ಕಲಸ್ತೀನಿ, ನಿನ್ನ ಕಣ್ಣೆದುರೇ ಕಲಸ್ತೀನಿ. ಗುಳ್ಳೆ ಬರೋವರೆಗೂ ಇರ್ತೀನಿ ಅಂದಿದ್ಯಲ್ಲ? ಇನ್ನೂ ಬಂದಿಲ್ಲ ನೋಡು. ಬಂದಿಲ್ಲ ಅಂದ್ಮೇಲೆ ಇರ್ಲೇಬೇಕು ನೀನು. ನಿಮ್ಮಣ್ಣಂಗೆ ನಾನೇ ಹೋಗಿ ಹೇಳ್ತೀನಿ, ಇವತ್ತು ಆಗಲ್ಲ, ನಾಳೆ ಬನ್ನಿ ಅಂತ...

ಎರಡೂ ಕೈಲಿ ಬಾಟಲಿ ಹಿಡ್ಕೊಂಡು ನಿಂತುಬಿಟ್ಯಲ್ಲ. ಏನಾದ್ರೂ ಅನ್ನು. ಸುಳ್ಳ ಅನ್ನು, ಇನ್ನೇನಾದ್ರೂ ಅನ್ನು...

ಬಿಡೇ. ಮೊದ್ಲು ಅದನ್ನ ಕೆಳಗಿಡು. ಕೈ ಸುಟ್ಕೊಳ್ತೀಯ.